ಬಂದೂಕಿಗೆ ಹತ್ತಿದ ಪ್ರತ್ಯಯ

ಕೇಟ್ ಗ್ರೆನ್‌ವಿಲ್ ಅವರ ‘ದಿ ಲೆಫ್ಟಿನೆಂಟ್’ (2008) ಕಾದಂಬರಿಯನ್ನು ನಮ್ಮಂಥವರು ಬೇಗ ಹಚ್ಚಿಕೊಳ್ಳುತ್ತೇವೆ. ಪರ ಊರಿಗೆ ಬಂದ ಒಬ್ಬ ಒಂಟಿ ಮನುಷ್ಯ, ಅಲ್ಲಿಯ ಒಬ್ಬ ಚೂಟಿ ಹುಡುಗಿ, ಇಬ್ಬರ ನಡುವೆ ಒಂದೊಂದೇ ಶಬ್ದವಾಗಿ ಕೂಡಿಬರುವ ಭಾಷೆ. ತರಕಾರಿಯವಳಿಂದ ಮರಾಠಿಯನ್ನೋ, ಆಟೋದವನಿಂದ ತಮಿಳನ್ನೋ ಹೀಗೆಯೇ ಹೆಕ್ಕಿಕೊಂಡ ನಮಗೆ ಈ ಕಥೆ ಹೊರಗಿನದು ಅನ್ನಿಸುವುದಿಲ್ಲ. ಪುಣೆಯ ನಮ್ಮ ಓದುಗರ ಗುಂಪಿನಲ್ಲಿ ಇದನ್ನು ಚರ್ಚೆಗೆ ಇಟ್ಟಾಗಲೂ ಹೆಚ್ಚಿನವರು ಆಡಿದ್ದು ಇದೇ ಮಾತು: ಇದು ಭಾಷೆಯ ಮೂಲಕ ಹುಟ್ಟಿದ ಸ್ನೇಹದ ಕಥೆ. ನನ್ನ ತಕರಾರು ಇರುವುದು ಇಲ್ಲೇ. ಸ್ನೇಹ ಸುಳ್ಳು ಅಂತಲ್ಲ. ಆ ಸ್ನೇಹ ನಡೆದ ಗುಡಿಸಲಿನ ಹೊರಗೆ ಏನು ನಡೆಯುತ್ತಿತ್ತು ಎಂಬುದನ್ನು ಕಾದಂಬರಿ ಹೇಳುತ್ತದೆ, ಆದರೆ ಅದರ ಭಾರವನ್ನು ನಮ್ಮ ಮೇಲೆ ಹೊರಿಸುವುದಿಲ್ಲ.

ಕಾದಂಬರಿಯ ಡೇನಿಯಲ್ ರೂಕ್‌ಗೆ ಮೂಲವಾದವನು ವಿಲಿಯಂ ಡಾಸ್ ಎಂಬ ನಿಜವಾದ ನೌಕಾಸೈನಿಕ. 1787ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ಪೋರ್ಟ್ಸ್‌ಮತ್‌ನಿಂದ ಹನ್ನೊಂದು ಹಡಗುಗಳು ಕೈದಿಗಳನ್ನು ತುಂಬಿಕೊಂಡು ಹೊರಟವು. ಬ್ರಿಟನ್ನಿನ ಜೈಲುಗಳು ತುಂಬಿ ತುಳುಕುತ್ತಿದ್ದವು. ಅಮೆರಿಕ ಸ್ವತಂತ್ರವಾದ ಮೇಲೆ ಕೈದಿಗಳನ್ನು ಅಲ್ಲಿಗೆ ಸಾಗಿಸುವ ದಾರಿಯೂ ಮುಚ್ಚಿತ್ತು. 1788ರ ಜನವರಿ 26ರಂದು ಗವರ್ನರ್ ಆರ್ಥರ್ ಫಿಲಿಪ್ ಸಿಡ್ನಿ ಕೋವ್‌ನಲ್ಲಿ ಧ್ವಜ ನೆಟ್ಟ. ನಾವು ಗಣರಾಜ್ಯೋತ್ಸವ ಆಚರಿಸುವ ದಿನವೇ ಅದು. ಅಲ್ಲಿಯ ಸರ್ಕಾರಕ್ಕೆ ಅದು ಆಸ್ಟ್ರೇಲಿಯಾ ದಿನ, 1938ರಿಂದ ಮೂಲನಿವಾಸಿಗಳಿಗೆ ಸೂತಕದ ದಿನ. ಡಾಸ್ ಖಗೋಳವನ್ನು ಬಲ್ಲವನು. ಒಂದು ಧೂಮಕೇತು ಬರುತ್ತದೆ ಎಂಬ ನಿರೀಕ್ಷೆಯಿಂದ ರಾಜಖಗೋಳಜ್ಞ ನೆವಿಲ್ ಮ್ಯಾಸ್ಕಲಿನ್ ಅವನಿಗೆ ಉಪಕರಣಗಳನ್ನು ಕೊಟ್ಟು ಕಳಿಸಿದ್ದ. ಕೋವ್‌ನ ಪಶ್ಚಿಮದ ಮೂತಿಯ ಮೇಲೆ, ವಸಾಹತಿನ ಗದ್ದಲದಿಂದ ಸ್ವಲ್ಪ ದೂರದಲ್ಲಿ, ಡಾಸ್ ಒಂದು ವೀಕ್ಷಣಾಲಯ ಕಟ್ಟಿಕೊಂಡ. ಧೂಮಕೇತು ಬರಲೇ ಇಲ್ಲ. ಬಂದವರು ಅಲ್ಲಿಯ ಜನ. ಅವರಲ್ಲಿ ಪಟ್ಯೆಗರಂಗ್ ಎಂಬ, ಸುಮಾರು ಹದಿನೈದರ ಹುಡುಗಿ.

ಅವಳು ಹೇಳಿಕೊಟ್ಟದ್ದನ್ನು ಡಾಸ್ ಸಣ್ಣ ನೋಟುಪುಸ್ತಕಗಳಲ್ಲಿ ಬರೆದಿಟ್ಟ. ಅವು ಈಗ ಲಂಡನ್ನಿನ ಸ್ಕೂಲ್ ಆಫ್ ಓರಿಯೆಂಟಲ್ ಅಂಡ್ ಆಫ್ರಿಕನ್ ಸ್ಟಡೀಸ್‌ನ ಗ್ರಂಥಾಲಯದಲ್ಲಿವೆ. ಬಹುಕಾಲ ಯಾರ ಕಣ್ಣಿಗೂ ಬೀಳದೆ ಇದ್ದು, 1970ರ ದಶಕದಲ್ಲಿ ವಿದ್ವಾಂಸರ ಗಮನಕ್ಕೆ ಬಂದವು. ಸಿಡ್ನಿಯ ಭಾಷೆಯ ಬಗ್ಗೆ ಇಂದು ತಿಳಿದಿರುವುದರಲ್ಲಿ ದೊಡ್ಡ ಪಾಲು ಬಂದಿರುವುದು ಈ ಪುಟಗಳಿಂದ. ಗ್ರೆನ್‌ವಿಲ್ ಕಾದಂಬರಿಯಲ್ಲಿ ರೂಕ್ ಮತ್ತು ಟಾಗರನ್ ಆಡುವ ಅಲ್ಲಿಯ ನುಡಿಯ ಮಾತುಗಳನ್ನು ಈ ಪುಸ್ತಕಗಳಿಂದಲೇ ಎತ್ತಿಕೊಂಡಿದ್ದಾರೆ. ಇದು ಅವರ ಪ್ರಾಮಾಣಿಕತೆ, ಮೆಚ್ಚಬೇಕು. ಹಿಂದಿನ ಕಾದಂಬರಿ ‘ದಿ ಸೀಕ್ರೆಟ್ ರಿವರ್’ನಲ್ಲಿ (2005) ಮೂಲನಿವಾಸಿಗಳ ಮಾತು ವಲಸೆಗಾರ ಥಾರ್ನ್‌ಹಿಲ್‌ನ ಕಿವಿಗೆ ಬಿದ್ದ ಬರಿಯ ಸದ್ದಾಗಿ ಮಾತ್ರ ಬರುತ್ತಿತ್ತು. ಇಲ್ಲಿ ಅದು ಅರ್ಥವುಳ್ಳ ಮಾತಾಗಿದೆ, ವ್ಯಾಕರಣವುಳ್ಳ ಮಾತಾಗಿದೆ.

ನೋಟುಪುಸ್ತಕದ ಅತಿ ಪ್ರಸಿದ್ಧ ಶಬ್ದ ‘ಪುಟುವಾ’. ಬೆಂಕಿಯಲ್ಲಿ ಕೈ ಕಾಯಿಸಿಕೊಂಡು, ಆ ಬಿಸಿ ಆರುವ ಮುನ್ನ ಇನ್ನೊಬ್ಬರ ಬೆರಳುಗಳನ್ನು ಮೆತ್ತಗೆ ಒತ್ತುವುದು ಎಂದು ಅರ್ಥ. ಒಂದೇ ಕ್ರಿಯಾಪದ! ಸಿಡ್ನಿಯ ಬಗ್ಗೆ ಬರೆದವರೆಲ್ಲ ಈ ಶಬ್ದದ ಬಳಿ ಬಂದು ನಿಲ್ಲುತ್ತಾರೆ. ಗ್ರೆನ್‌ವಿಲ್ ಕೂಡ ಕಾದಂಬರಿಯ ಭಾವದ ತೂಕವನ್ನೆಲ್ಲ ಇದರ ಮೇಲೆಯೇ ಇಟ್ಟಿದ್ದಾರೆ. ಡಾಸ್ ಈ ಅರ್ಥವನ್ನು ತಿಳಿದದ್ದು ಹೇಗೆ ಎಂಬುದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಅವಳು ಮಾಡಿ ತೋರಿಸಿರಬೇಕು.

ಆದರೆ ಅದೇ ಪುಟಗಳಲ್ಲಿ ಇನ್ನೊಂದು ಶಬ್ದವಿದೆ. ನನಗೆ ಇಡೀ ಚರಿತ್ರೆ ಅದರೊಳಗೆ ಮಡಚಿಕೊಂಡು ಕುಳಿತಂತೆ ಕಾಣುತ್ತದೆ. ತನ್ನ ಕಡೆಯವನೊಬ್ಬನಿಗೆ ಗಾಯವಾದ ಪ್ರಸಂಗದಲ್ಲಿ ಡಾಸ್ ಕಾರಣ ಕೇಳುತ್ತಾನೆ: ಜನ ಯಾಕೆ ಸಿಟ್ಟಾಗಿದ್ದಾರೆ? ಬಿಳಿಯರು ಇಲ್ಲಿ ನೆಲೆನಿಂತದ್ದರಿಂದ ಎಂದು ಪಟ್ಯೆಗರಂಗ್ ಹೇಳುತ್ತಾಳೆ. ಮುಂದುವರಿದು, ಕಮರಿಗಲ್ ಜನ ಹೆದರಿದ್ದಾರೆ ಎನ್ನುತ್ತಾಳೆ. ಯಾಕೆ ಹೆದರಿದ್ದಾರೆ ಎಂದರೆ ಒಂದೇ ಶಬ್ದದ ಉತ್ತರ: ‘ಗನಿನ್’.

ಇಂಗ್ಲಿಷಿನ ‘ಗನ್’, ಅದಕ್ಕೆ ಅವಳ ಭಾಷೆಯ ‘ಇನ್’ ಎಂಬ ಪ್ರತ್ಯಯ. ಕಾರಣವನ್ನು ಹೇಳುವ ಪ್ರತ್ಯಯ ಅದು. ಬಂದೂಕುಗಳಿಂದಾಗಿ ಎಂದರ್ಥ. ಇಂಗ್ಲಿಷ್ ಓದುಗನಿಗೆ ಇದನ್ನು ವಿವರಿಸಬೇಕಾಗುತ್ತದೆ, ಕನ್ನಡದವರಿಗೆ ಬೇಕಿಲ್ಲ. ಬಸ್ಸಿಂದ, ಆಫೀಸಿಂದ, ಟ್ರಾಫಿಕ್ಕಿಂದ ಎಂದು ದಿನಬೆಳಗಾದರೆ ನಾವು ಮಾಡುವುದೂ ಇದನ್ನೇ. ಬಂದ ಪದಕ್ಕೆ ನಮ್ಮ ಬಾಲ ಹಚ್ಚಿ ಮನೆಯದಾಗಿಸಿಕೊಳ್ಳುವುದು ಬದುಕಿರುವ ಭಾಷೆಯ ಲಕ್ಷಣ. ವಸಾಹತು ಹುಟ್ಟಿ ಮೂರು-ನಾಲ್ಕು ವರ್ಷ ತುಂಬುವುದರೊಳಗೆ ಅವರ ಭಾಷೆ ಬಂದೂಕಿಗೆ ವಿಭಕ್ತಿ ಹಚ್ಚಿಯಾಗಿತ್ತು. ಆ ಭಾಷೆ ಆಗ ಎಷ್ಟು ಗಟ್ಟಿಯಾಗಿತ್ತು ಎಂಬುದನ್ನೂ, ಅದನ್ನು ಕೊಲ್ಲುತ್ತಿದ್ದುದು ಯಾವುದು ಎಂಬುದನ್ನೂ ಒಂದೇ ಉಸಿರಿನಲ್ಲಿ ಹೇಳುವ ಇಂಥ ಶಬ್ದ ನನಗೆ ಬೇರೆಲ್ಲೂ ಸಿಕ್ಕಿಲ್ಲ.

(ಇಲ್ಲೊಂದು ಮಾತು. ಗಡಿಗಲ್, ಕಮರಿಗಲ್ ಎಂಬ ಕುಲದ ಹೆಸರುಗಳ ‘ಗಲ್’ ಜನರ ಗುಂಪನ್ನು ಸೂಚಿಸುತ್ತದೆ. ಕನ್ನಡದ ಕಿವಿ ಕೂಡಲೇ ‘ಗಳು’ ಎಂದು ನೆಟ್ಟಗಾಗುತ್ತದೆ. ಹತ್ತೊಂಬತ್ತನೇ ಶತಮಾನದಲ್ಲಿ ರಾಬರ್ಟ್ ಕಾಲ್ಡ್‌ವೆಲ್ ಕೂಡ ದ್ರಾವಿಡ ಮತ್ತು ಆಸ್ಟ್ರೇಲಿಯದ ಭಾಷೆಗಳ ನಡುವೆ ಹೋಲಿಕೆ ಕಂಡಿದ್ದ. ಭಾಷಾಶಾಸ್ತ್ರ ಇಂದು ಆ ನಂಟನ್ನು ಒಪ್ಪುವುದಿಲ್ಲ. ವಾಟ್ಸಾಪಿನಲ್ಲಿ ಅದನ್ನು ಹರಡುವ ಆಸೆಯನ್ನು ನಾವೂ ತಡೆದುಕೊಳ್ಳೋಣ.)

ಹುಡುಗಿ ಬಂದೂಕಿನ ಬಗ್ಗೆ ಕೇಳುವ ಭಾಗ ಕಾದಂಬರಿಯಲ್ಲಿ ಇದೆ, ಪುಸ್ತಕದ ಅತ್ಯುತ್ತಮ ಭಾಗವೂ ಅದೇ. ಅವಳಿಗೆ ಅದು ಕೆಲಸ ಮಾಡುವ ಬಗೆ ತಿಳಿಯಬೇಕು. ರೂಕ್ ಮುಜುಗರದಿಂದ ಅರ್ಧ ತೋರಿಸಿ ಅರ್ಧ ಬಚ್ಚಿಡುತ್ತಾನೆ. ಇಬ್ಬರ ನಡುವಿನ ಸಲಿಗೆಗೆ ಅಲ್ಲಿ ಮೊದಲ ಬಿರುಕು. ಇಷ್ಟು ಚೆನ್ನಾಗಿ ಕಂಡುಕೊಂಡ ಗ್ರೆನ್‌ವಿಲ್ ಮುಂದೆ ಆ ಬಿರುಕನ್ನು ರೂಕ್‌ನ ಮನಸ್ಸಾಕ್ಷಿಯ ಕಡೆಗೆ ತಿರುಗಿಸಿಬಿಡುತ್ತಾರೆ. ಬಂದೂಕಿನ ಪ್ರಶ್ನೆ ಕೇಳಿದವಳು ಟಾಗರನ್, ಉತ್ತರಕ್ಕಾಗಿ ಉಳಿದ ಪುಟಗಳಲ್ಲಿ ಒದ್ದಾಡುವವನು ರೂಕ್. ಅವಳ ಭಯ ಅವನ ನೈತಿಕ ಪರೀಕ್ಷೆಯಾಗಿ ಮಾರ್ಪಡುತ್ತದೆ. ಕಾದಂಬರಿ ಟಾಗರನ್‌ಳನ್ನು ಹತ್ತು-ಹನ್ನೆರಡರ ಮಗುವನ್ನಾಗಿ ಮಾಡಿದ್ದೂ ಇದಕ್ಕೆ ಅನುಕೂಲವಾಗಿದೆ. ಪ್ರಣಯದ ಗುಮಾನಿ ದೂರಾಯಿತು, ನಿಜ. ಆದರೆ ಪಟ್ಯೆಗರಂಗ್ ಮಗುವಲ್ಲ. ಅವಳು ಆ ಸಮಾಜದಲ್ಲಿ ವಯಸ್ಸಿಗೆ ಬಂದವಳು, ತನ್ನ ಜನರ ಸಿಟ್ಟಿಗೂ ಭಯಕ್ಕೂ ಕಾರಣ ಹೇಳಬಲ್ಲವಳು. ಅವಳು ಆ ಗುಡಿಸಲಿಗೆ ಬರುತ್ತಿದ್ದುದು ಮುದ್ದಿಗೆ ಮಾತ್ರವೋ, ಹೊಸಬರ ಸುದ್ದಿ ತಿಳಿಯಲೋ? ನೋಟುಪುಸ್ತಕದಲ್ಲಿ ಇಂಗ್ಲಿಷ್ ಓದಲು ಕಲಿಯುವವಳೂ ಅವಳೇ. ಗ್ರೆನ್‌ವಿಲ್ ಈ ಪ್ರಶ್ನೆಯನ್ನು ಕೇಳುವುದಿಲ್ಲ.

ಗುಡಿಸಲಿನ ಹೊರಗೆ ನಡೆದದ್ದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಈ ವಸಾಹತಿನಲ್ಲಿ ಭಾಷೆ ಕಲಿಯುವ ಸರ್ಕಾರಿ ಯೋಜನೆ ಶುರುವಾದದ್ದೇ ಅಪಹರಣದಿಂದ. ಜನ ತಾವಾಗಿ ಹತ್ತಿರ ಬರಲಿಲ್ಲವೆಂದು ಫಿಲಿಪ್ 1788ರ ಡಿಸೆಂಬರ್ 31ರಂದು ಅರಬನೂ ಎಂಬವನನ್ನು ಹಿಡಿದು ತರಿಸಿದ, ಕಾಲಿಗೆ ಸಂಕೋಲೆ ಹಾಕಿಸಿದ. ಶಬ್ದ ಕಲಿಸುವುದಕ್ಕಾಗಿ ಸೆರೆ! ಅರಬನೂ ಮರುವರ್ಷ ಮೇ ತಿಂಗಳಲ್ಲಿ ಸಿಡುಬಿನಿಂದ ಸತ್ತ. ನವೆಂಬರಿನಲ್ಲಿ ಬೆನೆಲಾಂಗ್ ಮತ್ತು ಕೋಲ್ಬಿ ಎಂಬ ಇಬ್ಬರನ್ನು ಹಿಡಿದರು. ಇಬ್ಬರೂ ತಪ್ಪಿಸಿಕೊಂಡರು. ಮುಂದೆ ಬೆನೆಲಾಂಗ್ ತನ್ನ ಇಷ್ಟದಂತೆ, ತನ್ನ ಷರತ್ತಿನಂತೆ ವಸಾಹತಿಗೆ ಬಂದುಹೋಗುತ್ತಿದ್ದ. 1792ರಲ್ಲಿ ಫಿಲಿಪ್‌ನ ಜೊತೆ ಇಂಗ್ಲೆಂಡಿಗೂ ಹೋಗಿ, 1795ರಲ್ಲಿ ಮರಳಿದ. ಸಿಡ್ನಿಯ ಒಪೆರಾ ಹೌಸ್ ನಿಂತಿರುವ ನೆಲದ ಹೆಸರು ಇಂದು ಬೆನೆಲಾಂಗ್ ಪಾಯಿಂಟ್.

ಆ ಸಿಡುಬು 1789ರ ಏಪ್ರಿಲ್‌ನಲ್ಲಿ ಕಾಣಿಸಿಕೊಂಡಿತು. ಕೊಲ್ಲಿಯ ಬಂಡೆಪೊಟರೆಗಳಲ್ಲಿ, ನೀರಿನ ಅಂಚಿನಲ್ಲಿ ಹೆಣಗಳು ಸಿಗತೊಡಗಿದವು. ಸುತ್ತಲಿನ ಜನರಲ್ಲಿ ಅರ್ಧದಷ್ಟು ಸತ್ತರು ಎಂದು ಫಿಲಿಪ್ ಅಂದಾಜು ಮಾಡಿದ್ದ. ವಸಾಹತು ನಿಂತ ನೆಲದ ಒಡೆಯರಾದ ಗಡಿಗಲ್ ಕುಲದಲ್ಲಿ ಉಳಿದವರು ಮೂರೇ ಜನ ಎಂದು ಅಧಿಕಾರಿ ಡೇವಿಡ್ ಕಾಲಿನ್ಸ್ ಬರೆದಿಟ್ಟಿದ್ದಾನೆ. ರೋಗ ಬಂದದ್ದು ಎಲ್ಲಿಂದ ಎಂಬ ವಾದ ಇನ್ನೂ ಮುಗಿದಿಲ್ಲ. ಪಟ್ಯೆಗರಂಗ್ ಡಾಸ್‌ಗೆ ಪುಟುವಾ ಹೇಳಿಕೊಡುವ ಹೊತ್ತಿಗೆ ಅವಳ ಸುತ್ತಲ ಪ್ರಪಂಚ ಆಗಲೇ ಅರ್ಧ ಖಾಲಿಯಾಗಿತ್ತು. ಕೈ ಬೆಚ್ಚಗೆ ಮಾಡುವವರಲ್ಲಿ ಎಷ್ಟು ಜನ ಉಳಿದಿದ್ದರು? ಕಾದಂಬರಿ ಓದುವಾಗ ಈ ಲೆಕ್ಕ ಮನಸ್ಸಿನಲ್ಲಿ ಕೂರುವುದಿಲ್ಲ. ಅಲ್ಲಿ ಎಲ್ಲವೂ ಆರಂಭವಾಗುತ್ತಿರುವ ಹಾಗೆ, ಬೆಳಗಿನ ಜಾವದ ಹಾಗೆ ತೋರುತ್ತದೆ.

ಮುಂದಿನದು ಎಲ್ಲರಿಗೂ ಗೊತ್ತಿರುವ ಪ್ರಸಂಗ. 1790ರ ಡಿಸೆಂಬರಿನಲ್ಲಿ ಗವರ್ನರನ ಬೇಟೆಗಾರ ಮೆಕಿಂಟೈರ್‌ನನ್ನು ಪೆಮುಲ್‌ವುಯ್ ಎಂಬವನು ಭರ್ಚಿಯಿಂದ ಇರಿದ. ಫಿಲಿಪ್ ಹೊರಡಿಸಿದ ಮೊದಲ ಅಪ್ಪಣೆ: ಇಬ್ಬರನ್ನು ಸೆರೆಹಿಡಿಯಿರಿ, ಹತ್ತು ಜನರ ತಲೆ ಕಡಿದು ತನ್ನಿ. ತಲೆ ಕಡಿಯಲು ಕೈಕೊಡಲಿ, ತರಲು ಚೀಲ. ದಂಡಯಾತ್ರೆಯ ಮುಖಂಡ ವಾಟ್‌ಕಿನ್ ಟೆಂಚ್ ಮಾತಾಡಿ ಆ ಸಂಖ್ಯೆಯನ್ನು ಆರಕ್ಕೆ ಇಳಿಸಿದ. ಟೆಂಚ್ ಒಳ್ಳೆಯ ಬರಹಗಾರ, ನಗಿಸಬಲ್ಲವನು. ಅಧಿಕಾರಿಗಳು ಅಲ್ಲಿಯ ಭಾಷೆಯೆಂದುಕೊಂಡು ‘ಕಾಂಗರೂ’ ಎನ್ನುತ್ತಿದ್ದರೆ, ಆ ಪದವನ್ನೇ ಕೇಳಿರದ ಸಿಡ್ನಿಯ ಜನ ಅದು ಇಂಗ್ಲಿಷರು ಪ್ರಾಣಿಗಳನ್ನು ಕರೆಯುವ ಹೆಸರೆಂದು ಬಗೆದು ದನಗಳನ್ನು ತೋರಿಸಿ ಇವು ಕಾಂಗರೂವೇ ಎಂದು ವಿಚಾರಿಸಿದ್ದನ್ನು ಅವನೇ ದಾಖಲಿಸಿದ್ದಾನೆ. (ಪದ ಬಂದದ್ದು ಬಹು ದೂರದ ಉತ್ತರದ ಭಾಷೆಯೊಂದರಿಂದ, ಕ್ಯಾಪ್ಟನ್ ಕುಕ್‌ನ ಹಡಗಿನವರು 1770ರಲ್ಲಿ ಎತ್ತಿಕೊಂಡದ್ದು.) ಅದೇ ಟೆಂಚ್ ಚೀಲ ಹೊತ್ತ ದಂಡಿನ ಮುಂದೆ ನಡೆದ. ಡಾಸ್ ಮೊದಲು ಬರುವುದಿಲ್ಲ ಎಂದ, ಪಾದ್ರಿಯ ಮಾತು ಕೇಳಿ ಹೋದ, ಮರಳಿದ ಮೇಲೆ ಹೋಗಿದ್ದಕ್ಕೆ ವಿಷಾದಿಸಿ ಇಂಥ ಅಪ್ಪಣೆಯನ್ನು ಇನ್ನು ಪಾಲಿಸಲಾರೆ ಎಂದ. ದಂಡಿಗೆ ಯಾರೂ ಸಿಗಲಿಲ್ಲ. ಡಾಸ್‌ಗೆ ವಸಾಹತಿನಲ್ಲಿ ಉಳಿಯುವ ಆಸೆಯಿತ್ತು, ಆದರೆ 1791ರ ಡಿಸೆಂಬರಿನಲ್ಲಿ ಅವನು ಹಡಗು ಹತ್ತಬೇಕಾಯಿತು. ಪಟ್ಯೆಗರಂಗ್ ಮುಂದೆ ಏನಾದಳು ಎಂಬುದಕ್ಕೆ ದಾಖಲೆಯಿಲ್ಲ.

ಗ್ರೆನ್‌ವಿಲ್‌ರ ರೂಕ್ ಕೂಡ ಅಪ್ಪಣೆಗೆ ಬೆನ್ನು ತಿರುಗಿಸುತ್ತಾನೆ. ಕಾದಂಬರಿ ನಮ್ಮನ್ನು ಬೀಳ್ಕೊಡುವುದು ಆಂಟಿಗುವಾ ದ್ವೀಪದಲ್ಲಿ, ಗುಲಾಮಗಿರಿಯ ವಿರುದ್ಧ ದುಡಿದು ಮುದುಕನಾದವನ ನೆನಪಿನಲ್ಲಿ. ನಿಜವಾದ ಡಾಸ್ ಕೂಡ 1836ರಲ್ಲಿ ಅಲ್ಲಿಯೇ ತೀರಿಕೊಂಡ. ಆದರೆ ಸಿಡ್ನಿಗೂ ಆಂಟಿಗುವಾಕ್ಕೂ ನಡುವೆ ಅವನು ಸಿಯೆರಾ ಲಿಯೋನ್‌ನಲ್ಲಿ ಗವರ್ನರನಾಗಿದ್ದ, ಅಂದರೆ ಇನ್ನೊಂದು ವಸಾಹತಿನ ಯಜಮಾನ. ಒಳ್ಳೆಯವನು ಸಾಮ್ರಾಜ್ಯದಿಂದ ಹೊರಗೆ ನಡೆದುಬಿಡಲಿಲ್ಲ, ಅದರ ಒಳಗೇ ಬೇರೆ ಕೆಲಸಕ್ಕೆ ಹೋದ. ಈ ಕಗ್ಗಂಟು ಮನುಷ್ಯನನ್ನು ಕುತೂಹಲಕರನನ್ನಾಗಿಸುತ್ತದೆ, ಸಂತನನ್ನಾಗಿಸುವುದಿಲ್ಲ. ಕಾದಂಬರಿಗೆ ಬೇಕಿದ್ದದ್ದು ಸಂತ.

ಸಾಮ್ರಾಜ್ಯದ ನೌಕರರು ಹೀಗೆ ಊರಿಂದೂರಿಗೆ ವರ್ಗವಾಗುತ್ತಿದ್ದರು ಎಂಬುದನ್ನು ನಾವು ಮೈಸೂರಿನ ಕಡೆಯಿಂದಲೂ ನೋಡಬಹುದು. 1799ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಗೆ ಬಂದ ಬಾಂಬೆ ಸೈನ್ಯದಲ್ಲಿ ಲ್ಯಾಕ್ಲನ್ ಮ್ಯಾಕ್ವಾರಿ ಎಂಬ ಅಧಿಕಾರಿಯಿದ್ದ. 1792ರ ಯುದ್ಧದಲ್ಲೂ ಅವನು ಅಲ್ಲಿದ್ದವನೇ. 1810ರಲ್ಲಿ ಅವನು ನ್ಯೂ ಸೌತ್ ವೇಲ್ಸ್‌ನ ಗವರ್ನರನಾದ. ಸಿಡ್ನಿಯ ಬೀದಿ, ವಿಶ್ವವಿದ್ಯಾಲಯ ಅವನ ಹೆಸರು ಹೊತ್ತಿವೆ. ಮೂಲನಿವಾಸಿ ಮಕ್ಕಳಿಗೆ 1814ರಲ್ಲಿ ಶಾಲೆ ತೆರೆದವನೂ ಅವನೇ, 1816ರಲ್ಲಿ ಸೈನಿಕರನ್ನು ಕಳಿಸಿ, ಸತ್ತವರ ಹೆಣಗಳನ್ನು ಮರಕ್ಕೆ ನೇತುಹಾಕಿ ಎಂದು ಅಪ್ಪಣೆ ಕೊಟ್ಟವನೂ ಅವನೇ. ಆ ಏಪ್ರಿಲ್ 17ರಂದು ಆ್ಯಪಿನ್ ಬಳಿ ಹೆಂಗಸರು ಮಕ್ಕಳೂ ಸೇರಿ ಕನಿಷ್ಠ ಹದಿನಾಲ್ಕು ಜನ ಸತ್ತರು. ಟಿಪ್ಪುವಿನ ಪತನವನ್ನು ನಾವು ನಮ್ಮ ಚರಿತ್ರೆಯೆಂದು ಓದುತ್ತೇವೆ. ಆ ಕೋಟೆಯ ಮುಂದೆ ನಿಂತವನು ಮತ್ತೆಲ್ಲಿಗೆ ಹೋದ ಎಂದು ಕೇಳುವುದು ನಮ್ಮ ಪಠ್ಯದಲ್ಲಿಲ್ಲ.

ಹಾಗಾದರೆ ಇನ್ನೊಂದು ಬಗೆಯಲ್ಲಿ ಈ ಕಥೆ ಬರೆಯಲು ಸಾಧ್ಯವೇ? ಕಿಮ್ ಸ್ಕಾಟ್ ಬರೆದಿದ್ದಾರೆ. ಅವರು ಆಸ್ಟ್ರೇಲಿಯದ ನೈಋತ್ಯದ ನೂಂಗಾರ್ ಜನಾಂಗದವರು. ‘ದಟ್ ಡೆಡ್‌ಮನ್ ಡಾನ್ಸ್’ (2010) ನಡೆಯುವುದು ಸಿಡ್ನಿಯಲ್ಲಲ್ಲ, 1826ರಲ್ಲಿ ಬ್ರಿಟಿಷರು ನೆಲೆಯೂರಿದ ಕಿಂಗ್ ಜಾರ್ಜ್ ಸೌಂಡ್‌ನಲ್ಲಿ, ಇಂದಿನ ಆಲ್ಬನಿಯಲ್ಲಿ. ಕಾದಂಬರಿ ತೆರೆದುಕೊಳ್ಳುವುದೇ ಬಾಬಿ ವಾಬಲಂಗಿನಿ ಎಂಬ ನೂಂಗಾರ್ ಹುಡುಗ ತನ್ನ ಭಾಷೆಯ ಒಂದು ಶಬ್ದವನ್ನು ಬರೆಯುವಲ್ಲಿ. ಡಾಸ್‌ನ ಕೈಯಲ್ಲಿದ್ದ ಲೇಖನಿ ಇಲ್ಲಿ ಪಟ್ಯೆಗರಂಗ್‌ಳ ಕಡೆಯವರ ಕೈಗೆ ಬಂದಿದೆ. ಇದೊಂದೇ ಬದಲಾವಣೆ ಪುಸ್ತಕದ ಎಲ್ಲವನ್ನೂ ಬದಲಿಸುತ್ತದೆ.

ಶೀರ್ಷಿಕೆಯ ಕುಣಿತಕ್ಕೆ ಚಾರಿತ್ರಿಕ ಮೂಲವಿದೆ. 1801ರ ಕೊನೆಗೆ ಮ್ಯಾಥ್ಯೂ ಫ್ಲಿಂಡರ್ಸ್‌ನ ಹಡಗು ಅಲ್ಲಿ ತಂಗಿತ್ತು, ಅವನ ಸೈನಿಕರು ದಡದಲ್ಲಿ ಕವಾಯತು ಮಾಡಿ ತೋರಿಸಿದರು. ನೂಂಗಾರ್ ಜನ ಆ ಕವಾಯತನ್ನೇ ಎತ್ತಿಕೊಂಡು ಕುಣಿತ ಮಾಡಿಕೊಂಡರು. ಮತ್ತೆ ಅದೇ ವ್ಯಾಕರಣ: ಬಂದದ್ದಕ್ಕೆ ತಮ್ಮ ಪ್ರತ್ಯಯ ಹಚ್ಚುವುದು. ಸ್ಕಾಟ್ ಇದನ್ನು ಮುಗ್ಧತೆ ಎಂದು ತೋರಿಸುವುದಿಲ್ಲ. ಅದು ಆತ್ಮವಿಶ್ವಾಸ. ನಮ್ಮಲ್ಲಿಗೆ ಬಂದವರನ್ನು ನಾವು ಅರಗಿಸಿಕೊಳ್ಳಬಲ್ಲೆವು ಎಂಬ, ಒಡೆಯರ ನಂಬಿಕೆ. ಬಾಬಿ ಇಂಗ್ಲಿಷ್ ಹಾಡು ಕಲಿಯುತ್ತಾನೆ, ತಿಮಿಂಗಿಲ ಬೇಟೆಯ ದೋಣಿಯಲ್ಲಿ ಹುಟ್ಟು ಹಾಕುತ್ತಾನೆ. ತಿಮಿಂಗಿಲಗಳು ಇರುವಷ್ಟು ದಿನ ಬಿಳಿಯರಿಗೆ ಅವನ ಜನ ಬೇಕು. ಅವು ಕಡಿಮೆಯಾದವು, ಕುರಿಗಳು ಬಂದವು, ಬೇಲಿ ಬಂತು. ಹಂಚಿಕೊಳ್ಳುತ್ತಿದ್ದದ್ದು ಕಳ್ಳತನವಾಯಿತು. ಬಾಬಿ ಜೈಲಿಗೆ ಹೋಗುತ್ತಾನೆ. ಗ್ರೆನ್‌ವಿಲ್‌ರಲ್ಲಿ ವಿಷ ಒಂದು ಅಪ್ಪಣೆಯಿಂದ ಬರುತ್ತದೆ. ಸ್ಕಾಟ್‌ರಲ್ಲಿ ಅದು ಲೆಕ್ಕದ ಪುಸ್ತಕದಿಂದ, ಹಸಿವಿನಿಂದ, ದಿನನಿತ್ಯದಿಂದ ಬರುತ್ತದೆ. ವಸಾಹತು ಹೇಗೆ ಕೆಲಸ ಮಾಡುತ್ತದೆ ಎಂದು ಅರಿಯಲು ಎರಡನೆಯದೇ ಸರಿ.

ಕಾದಂಬರಿಯ ಒಂದು ವಿವರ ಮನಸ್ಸಿನಿಂದ ಹೋಗುವುದಿಲ್ಲ. ಡಾಕ್ಟರ್ ಕ್ರಾಸ್ ಮತ್ತು ವುನ್ಯೆರನ್ ಎಂಬ ನೂಂಗಾರ್ ಗೆಳೆಯ ಒಂದೇ ಕಡೆ ಮಣ್ಣಾಗಿರುತ್ತಾರೆ. ಊರು ಬೆಳೆದ ಮೇಲೆ ಕ್ರಾಸ್‌ನ ಅವಶೇಷಗಳನ್ನು ಗೌರವದಿಂದ ಹೊಸ ಸ್ಮಶಾನಕ್ಕೆ ಒಯ್ಯುತ್ತಾರೆ, ಗೆಳೆಯನ ಮೂಳೆಗಳು ದಿಕ್ಕಾಪಾಲು. ಇದಕ್ಕೂ ಚರಿತ್ರೆಯ ಆಧಾರವಿದೆ: ಡಾಕ್ಟರ್ ಅಲೆಕ್ಸಾಂಡರ್ ಕಾಲಿ ತನ್ನನ್ನು ಗೆಳೆಯ ಮೊಕಾರೆಯ ಪಕ್ಕದಲ್ಲಿ ಹೂಳಬೇಕೆಂದು ಬಯಸಿದ್ದ, ಅವನ ದೇಹವನ್ನೂ ಮುಂದೆ ಬೇರೆಡೆಗೆ ಸಾಗಿಸಿದರು. ಸ್ನೇಹ ನಿಜ. ಅದನ್ನು ಕಾಯುವ ವ್ಯವಸ್ಥೆ ಮಾತ್ರ ಇರಲಿಲ್ಲ. ‘ದಿ ಲೆಫ್ಟಿನೆಂಟ್’ ಹೇಳಲಾರದೆ ಹೋದದ್ದನ್ನು ಸ್ಕಾಟ್ ಒಂದು ಗೋರಿಯಲ್ಲಿ ಹೇಳುತ್ತಾರೆ.

ಕೊನೆಯಲ್ಲಿ ಬಾಬಿ ಬಿಳಿಯರ ಸಭೆಯ ಮುಂದೆ ಮಾತಾಡಿ, ಕುಣಿದು, ಅವರನ್ನು ಗೆದ್ದೆ ಎಂದುಕೊಳ್ಳುತ್ತಾನೆ. ಮುಖಗಳು ತಿರುಗುತ್ತವೆ, ಹೊರಗೆ ಗುಂಡಿನ ಸದ್ದು. ಬರಹ ಅಲ್ಲಿಗೆ ಮುಗಿಯುತ್ತದೆ. ನನಗೆ ಮತ್ತೆ ನೆನಪಾದದ್ದು ಗನಿನ್.

ಇಷ್ಟೆಲ್ಲ ಹೇಳಿ, ಸ್ಕಾಟ್ ಮೂಲನಿವಾಸಿ, ಗ್ರೆನ್‌ವಿಲ್ ಅಲ್ಲ, ಆದ್ದರಿಂದ ಹೀಗೆ ಎಂದು ಮುಗಿಸುವುದು ಸೋಮಾರಿ ವಿಮರ್ಶೆ. ಹುಟ್ಟು ಯಾರನ್ನೂ ಕಾದಂಬರಿಕಾರರನ್ನಾಗಿಸುವುದಿಲ್ಲ. ಕಾರಂತರು ಚೋಮನನ್ನು ಬರೆದರು, ಪೂರ್ತಿ ಮರುಕದಿಂದ, ಪೂರ್ತಿ ಪ್ರಾಮಾಣಿಕತೆಯಿಂದ. ದೇವನೂರ ಮಹಾದೇವರ ‘ಕುಸುಮಬಾಲೆ’ ಬಂದಾಗ ಗೊತ್ತಾಯಿತು, ಅಲ್ಲಿಯವರೆಗೆ ನಾವು ಚೋಮನ ನೋವನ್ನು ಕೇಳಿದ್ದೆವು, ಆ ಜಗತ್ತು ತಮಾಷೆ ಮಾಡುವುದನ್ನು, ಕನಸು ಕಾಣುವುದನ್ನು, ಮಂಚದ ಕಾಲು ಮಾತಾಡುವುದನ್ನು ಕೇಳಿರಲಿಲ್ಲ. ಸ್ಕಾಟ್‌ರ ಪುಸ್ತಕ ತುಂಬ ನಗು ಇದೆ. ಬಾಬಿ ಬಿಳಿಯರನ್ನು ಅಣಕಿಸುತ್ತಾನೆ, ತಿಮಿಂಗಿಲದ ಹೃದಯದೊಳಗೆ ಕುಳಿತ ಹಾಗೆ ಕನಸು ಕಾಣುತ್ತಾನೆ. ಟಾಗರನ್ ಕೂಡ ನಗುತ್ತಾಳೆ, ಆದರೆ ಆ ನಗು ರೂಕ್‌ನ ಕಡೆಗೆ ತಿರುಗಿದ ನಗು. ಅವಳು ಒಬ್ಬಳೇ ಇದ್ದಾಗ, ತನ್ನವರ ನಡುವೆ ಇದ್ದಾಗ ಯಾಕೆ ನಗುತ್ತಾಳೆ? ಗ್ರೆನ್‌ವಿಲ್ ತಮ್ಮ ಅಧಿಕಾರದ ಮಿತಿ ಅರಿತು ಅಲ್ಲಿಗೆ ಹೋಗಲಿಲ್ಲ. ಆ ಸಂಯಮವನ್ನು ಗೌರವಿಸುತ್ತೇನೆ. ಆದರೆ ಸಂಯಮದ ಹೆಸರಿನಲ್ಲಿ ಉಳಿದ ಖಾಲಿ ಜಾಗವನ್ನು ರೂಕ್‌ನ ಒಳ್ಳೆಯತನದಿಂದ ತುಂಬಬೇಕಾಗಿರಲಿಲ್ಲ.

ನಮ್ಮ ಗುಂಪಿನಲ್ಲಿ ಒಬ್ಬರು ಕೇಳಿದರು: ನಾವೂ ಹೊರಗಿನಿಂದ ಬಂದವರಲ್ಲವೇ, ಹಾಗಾದರೆ ನಾವು ಈ ಕಥೆಯಲ್ಲಿ ಯಾರು? ಡಾಸ್ ಖಂಡಿತ ಅಲ್ಲ. ನಾವು ಮರಾಠಿ ಕಲಿಯುವುದು ಬಾಡಿಗೆ ಮನೆ ಸಿಗಲೆಂದು, ಬಂದೂಕು ಬೆನ್ನಿಗಿಟ್ಟುಕೊಂಡಲ್ಲ. ಪಟ್ಯೆಗರಂಗ್ ಅಂತೂ ಅಲ್ಲವೇ ಅಲ್ಲ. ಪ್ರವಾಸಿಯ ಒಂಟಿತನವನ್ನು ನೆಲ ಕಳೆದುಕೊಂಡವರ ನೋವಿನ ಜೊತೆ ಹೊಲಿಯುವ ಚಾಳಿ ನಮ್ಮ ವಲಸೆ ಸಾಹಿತ್ಯದಲ್ಲಿ ಸ್ವಲ್ಪ ಹೆಚ್ಚೇ ಇದೆ. ‘ದಿ ಲೆಫ್ಟಿನೆಂಟ್’ ನಮಗೆ ಅಷ್ಟು ಹಿತವಾಗುವುದಕ್ಕೆ ಅದೂ ಒಂದು ಕಾರಣ ಎಂದು ನನ್ನ ಗುಮಾನಿ.

ಡಾಸ್‌ನ ಪುಟಗಳು ಈಗ ಅಂತರ್ಜಾಲದಲ್ಲಿವೆ, ಅವನ ಕೈಬರಹ ಸಮೇತ. ಸಿಡ್ನಿಯ ಮೂಲನಿವಾಸಿ ಕುಟುಂಬಗಳು ಅವುಗಳ ನೆರವಿನಿಂದ ಭಾಷೆಯನ್ನು ಮತ್ತೆ ಕಲಿಯುತ್ತಿವೆ. ನೂಂಗಾರ್ ಕಡೆಯಲ್ಲೂ ಇಂಥದೇ ಕೆಲಸ ನಡೆದಿದೆ. ಗೆರ್ಹಾರ್ಡ್ ಲಾವೆಸ್ ಎಂಬ ಅಮೆರಿಕನ್ ಭಾಷಾಶಾಸ್ತ್ರಜ್ಞ 1931ರ ಸುಮಾರಿಗೆ ಆಲ್ಬನಿಯಲ್ಲಿ ಬರೆದುಕೊಂಡ ಕಥೆಗಳನ್ನು, ಹೇಳಿದವರ ಮಕ್ಕಳು ಮೊಮ್ಮಕ್ಕಳ ಮುಂದೆ ಓದಿ, ತಿದ್ದಿ, ಮತ್ತೆ ಹೇಳಿ ಪುಸ್ತಕ ಮಾಡುತ್ತಿದ್ದಾರೆ. ಆ ಗುಂಪಿನಲ್ಲಿ ಕಿಮ್ ಸ್ಕಾಟ್ ಇದ್ದಾರೆ. 2011ರಲ್ಲಿ ಬಂದ ‘ಮಾಮಂಗ್’ ಅಂಥದೊಂದು ಪುಟ್ಟ ಚಿತ್ರಪುಸ್ತಕ. ತಿಮಿಂಗಿಲದೊಳಗೆ ಕುಳಿತು ಪಯಣಿಸುವವನ ಕಥೆ, ನೂಂಗಾರ್ ಮತ್ತು ಇಂಗ್ಲಿಷ್ ಎರಡರಲ್ಲೂ ಇದೆ. ಗುಂಪಿನಲ್ಲಿ ಇನ್ನೊಮ್ಮೆ ಓದುವುದಾದರೆ ಅದರಿಂದ ಶುರುಮಾಡಿ, ‘ದಟ್ ಡೆಡ್‌ಮನ್ ಡಾನ್ಸ್’ ಮುಗಿಸಿ, ಆಮೇಲೆ ಗ್ರೆನ್‌ವಿಲ್‌ರ ಕಡೆಗೆ ಬನ್ನಿ ಎನ್ನುತ್ತೇನೆ.